ರಾಜನನ್ನು ಮಲಗಿಸೋದು ಕಲೀಬೇಕು

(ದಾವಣಗೆರೆಯಲ್ಲಿ ಮಕ್ಕಳ ಚೆಸ್ ಟೂರ್ನಿಯೊಂದರ ಬಹುಮಾನ ವಿತರಣೆ ಸಂದರ್ಭದಲ್ಲಿ ಆಡಿದ ಮಾತುಗಳು)

ವೇದಿಕೆಯ ಮೇಲಿರುವ ಹಿರಿಯರಿಗೆ, ಎರಡು ದಿನದಿಂದ ನಿಂತೇ ಇರುವ ಆರ್ಬಿಟರ್‌ಗಳಿಗೆ, ಬೆಳಿಗ್ಗೆಯಿಂದ ಟಿಫನ್ ಬಾಕ್ಸ್ ಹಿಡಿದು ಹೊರಗೆ ಮರದ ಕೆಳಗೆ ಕಾದು ಕೂತ ಅಪ್ಪ ಅಮ್ಮಂದಿರಿಗೆ, ಎಲ್ಲರಿಗಿಂತ ಮೊದಲು ಈ ಮಕ್ಕಳಿಗೆ ನಮಸ್ಕಾರ.

ಟಿವಿಯಲ್ಲಿ ನನ್ನನ್ನು ನೋಡಿದವರು, ಇವರು ಶುರು ಮಾಡಿದ್ರೆ ಬ್ರೇಕ್ ಬರೋವರೆಗೂ ನಿಲ್ಲಿಸಲ್ಲ ಅಂತ ಹೆದರಿರಬಹುದು. ಇಲ್ಲಿ ಬ್ರೇಕ್ ಇಲ್ಲ. ಆದರೆ ಹೊರಗೆ ಬೆಣ್ಣೆದೋಸೆ ಇದೆ. ಮಕ್ಕಳು ಆಗಲೇ ಆ ಕಡೆ ಮೂಗು ತಿರುಗಿಸಿದ್ದಾರೆ. ಹಾಗಾಗಿ ಹೇಳಬೇಕಾದ್ದಷ್ಟೇ ಹೇಳ್ತೀನಿ.

ನನ್ನನ್ನು ಕರೆಯೋಕೆ ಬಂದ ಸಂಘಟಕರು ಒಂದು ಪ್ರಶ್ನೆ ಕೇಳಿದ್ರು. "ಸರ್, ನಮ್ಮ ದಾವಣಗೆರೆಯಿಂದ ಒಬ್ಬ ಗುಕೇಶ್ ಯಾವಾಗ ಬರ್ತಾನೆ? ಅದರ ಬಗ್ಗೆ ಮಾತಾಡಿ" ಅಂದ್ರು. ಆಗಲಿ ಅಂದೆ. ಬರುವಾಗ ದಾರಿಯುದ್ದಕ್ಕೂ ಅದಕ್ಕೇ ಮಾತು ಜೋಡಿಸಿಕೊಂಡು ಬಂದಿದ್ದೆ. ಇಲ್ಲಿ ಬಂದು ಮೆಟ್ಟಿಲು ಹತ್ತುವಾಗ ಒಂದು ದೃಶ್ಯ ನೋಡಿದೆ. ಜೋಡಿಸಿಕೊಂಡಿದ್ದೆಲ್ಲ ಬಿಟ್ಟುಹೋಯ್ತು.

ಎಂಟು ಒಂಬತ್ತು ವರ್ಷದ ಹುಡುಗ. ಆಗತಾನೆ ಆಟ ಸೋತು ಹೊರಗೆ ಬಂದಿದ್ದಾನೆ. ಕೈಯಲ್ಲಿ ಅರ್ಧ ಕುಡಿದ ನೀರಿನ ಬಾಟಲಿ. ಅವನ ಅಪ್ಪ ಗೋಡೆಗೆ ನಿಲ್ಲಿಸಿಕೊಂಡು ಕೇಳ್ತಿದ್ದಾರೆ: "ಯಾಕಲೇ ಆ ಕುದುರೆ ಬಿಟ್ಟಿ? ಎಷ್ಟು ಸಲ ಹೇಳೀನಿ ನಿಂಗೆ? ಕೋಚಿಂಗ್‌ಗೆ ತಿಂಗಳಿಗೆ ಎಷ್ಟು ಕಟ್ತೀನಿ ಗೊತ್ತೇನು?" ಹುಡುಗ ಅಳ್ತಿರಲಿಲ್ಲ. ಅತ್ತಿದ್ರೆ ನಾನು ಇಷ್ಟು ಯೋಚನೆ ಮಾಡ್ತಿರಲಿಲ್ಲ. ಬಾಟಲಿ ಮುಚ್ಚಳ ತಿರುಗಿಸ್ತಾ ನೆಲ ನೋಡ್ತಾ ನಿಂತಿದ್ದ.

ಆ ತಂದೆ ಈಗ ಇಲ್ಲೇ ಕೂತಿರಬಹುದು. ಅಣ್ಣಾ, ನಿಮ್ಮ ಕಡೆ ಬೆರಳು ತೋರಿಸೋಕೆ ನಾನು ಬಂದಿಲ್ಲ. ಯಾಕಂದ್ರೆ ಆ ಅಪ್ಪ ನಾನೇ.

ಎಂಟು ವರ್ಷದ ಹಿಂದಿನ ಮಾತು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಚೆನ್ನಾಗಿ ಆಡ್ತಿದ್ಳು. ಇದೇ ಊರಿಗೆ ಒಂದು ಟೂರ್ನಿಗೆ ಕರ್ಕೊಂಡು ಬಂದಿದ್ದೆ. ನಮ್ಮೂರ ಕಡೆ, ನೆಂಟರೆಲ್ಲ ನೋಡೋಕೆ ಬಂದಿದ್ರು. ಕೊನೆ ಸುತ್ತಲ್ಲಿ ಏಳು ವರ್ಷದ ಹುಡುಗನ ಎದುರು ಮಂತ್ರಿ ಕಳಕೊಂಡು ಸೋತಳು. ನಾನು ಬೈಲಿಲ್ಲ, ಹೊಡೀಲಿಲ್ಲ. ಸುಮ್ಮನಾದೆ, ಅಷ್ಟೆ. ಕಾರು ಹತ್ತಿದ್ವಿ. ಚಿತ್ರದುರ್ಗ ದಾಟಿತು, ಹಿರಿಯೂರು ದಾಟಿತು, ಶಿರಾ ದಾಟಿತು. ತುಮಕೂರು ಬರೋವರೆಗೂ ನಾನು ಒಂದು ಮಾತಾಡಲಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಇಡೀ ಕರ್ನಾಟಕಕ್ಕೆ ಮಾತು ಹೇಳೋ ಮನುಷ್ಯ, ಪಕ್ಕದಲ್ಲಿ ಕೂತ ಮಗಳಿಗೆ "ಹೋಗ್ಲಿ ಬಿಡು" ಅನ್ನಲಿಲ್ಲ. ಮನೆಗೆ ಹೋಗಿ ಆ ಹುಡುಗಿ ಬೋರ್ಡನ್ನು ಮಂಚದ ಕೆಳಗೆ ತಳ್ಳಿದ್ಳು. ಮತ್ತೆ ತೆಗೀಲಿಲ್ಲ.

ಬೈದ್ರೆ ಮಕ್ಕಳು ಮರೀತಾರೆ. ಆ ಮೌನ ಮಾತ್ರ ಮರೆಯಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು.

ವಿಚಿತ್ರ ಏನು ಗೊತ್ತಾ? ಸೋಲೋದು ಹೇಗೆ ಅಂತ ನನಗೆ ಚಿಕ್ಕಂದಿನಲ್ಲೇ ಒಬ್ಬರು ಕಲಿಸಿದ್ದರು. ನಾನು ಬೆಳೆದದ್ದು ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಿ. ಆಗ ಹರಿಹರ ಅಂದ್ರೆ ಮೂರು: ಹರಿಹರೇಶ್ವರನ ಗುಡಿ, ತುಂಗಭದ್ರೆ, ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ತಯಾರಾಗ್ತಿತ್ತು. ನಮ್ಮ ಪಕ್ಕದ ಮನೆಯ ಮಾಮ ಅಲ್ಲಿ ಟರ್ನರ್. ಇಡೀ ಓಣಿಗೆ ಅವರು ಲೇತ್ ಮಾಮ. ಶಿಫ್ಟ್ ಮುಗಿಸಿ ಬಂದು, ಸ್ನಾನ ಮಾಡಿ, ಜಗಲಿ ಮೇಲೆ ಬೋರ್ಡ್ ಹಾಸೋರು. ಒಂದು ಒಂಟೆ ಕಳೆದುಹೋಗಿತ್ತು. ಅದರ ಜಾಗದಲ್ಲಿ ಒಂದು ಬೋಲ್ಟ್ ನಿಂತಿರ್ತಿತ್ತು. ಎಷ್ಟೋ ವರ್ಷ ನಾನು ಒಂಟೆ ಅಂದ್ರೆ ಬೋಲ್ಟ್ ಥರಾನೇ ಇರುತ್ತೆ ಅಂದ್ಕೊಂಡಿದ್ದೆ.

ನಾನು ದಿನಾ ಸೋಲ್ತಿದ್ದೆ. ಸೋತಾಗ ಬೋರ್ಡ್ ಕೆಡವಿ ಓಡಿಹೋಗೋದು ನನ್ನ ಅಭ್ಯಾಸ. ಒಂದು ದಿನ ಮಾಮ ಕೈ ಹಿಡಿದು ಕೂರಿಸಿದ್ರು. "ನೋಡೋ ತಮ್ಮಾ, ಸೋತಿ ಅಂದ್ರೆ ಮೂರು ಕೆಲಸ ಐತೆ. ಮೊದ್ಲು ನಿನ್ನ ರಾಜನ್ನ ನೀನೇ ಮಲಗಿಸಬೇಕು. ಆಮೇಲೆ ನಂಗೆ ಕೈ ಕೊಡಬೇಕು. ಆಮೇಲೆ ಕಾಯಿ ಎಲ್ಲ ಮತ್ತೆ ಜೋಡಿಸಿ, ಎಲ್ಲಿ ತಪ್ಪಿದ್ವಿ ಅಂತ ಇಬ್ರೂ ಕೂತು ನೋಡಬೇಕು. ಈ ಮೂರೂ ಆದ್ರೇ ಆಟ ಮುಗೀತು ಅಂತ ಲೆಕ್ಕ."

"ಎಲ್ಲಿ ತಪ್ಪಿದೆ" ಅನ್ನಲಿಲ್ಲ ಅವರು. "ಎಲ್ಲಿ ತಪ್ಪಿದ್ವಿ" ಅಂದ್ರು. ಗೆದ್ದವರು ಅವರು, ತಪ್ಪು ಹುಡುಕೋಕೆ ನನ್ನ ಜೊತೆ ಕೂರೋರೂ ಅವರೇ.

ಇವತ್ತಿಗೂ ದೊಡ್ಡ ಟೂರ್ನಿಗಳಲ್ಲಿ ಇದೇ ಪದ್ಧತಿ. ಸೋತವನು ತಾನೇ ಸೋತೆ ಅಂತ ಒಪ್ಪಿಕೊಂಡು ಕೈಕುಲುಕ್ತಾನೆ, ಸ್ಕೋರ್‌ಶೀಟಿಗೆ ಸಹಿ ಹಾಕ್ತಾನೆ. ಆಮೇಲೆ ಎಷ್ಟೋ ಸಲ ಗೆದ್ದವನೂ ಸೋತವನೂ ಪಕ್ಕದ ಕೋಣೆಗೆ ಹೋಗಿ ಅದೇ ಆಟವನ್ನ ಮತ್ತೆ ಆಡಿ ನೋಡ್ತಾರೆ. ಅಂಪೈರ್ ಬೆರಳು ಎತ್ತೋವರೆಗೂ ಕಾಯೋದು ಕ್ರಿಕೆಟ್‌ನಲ್ಲಿ. ಚೆಸ್‌ನಲ್ಲಿ ಹೆಚ್ಚಿನ ಸಲ ಸೋತವನೇ ತನ್ನ ಬೆರಳು ತಾನೇ ಎತ್ತಬೇಕು.

ಈಗ ನನ್ನ ವೃತ್ತಿಯ ಕಡೆ ಬರ್ತೀನಿ. ಇಪ್ಪತ್ತು ವರ್ಷದಿಂದ ಚರ್ಚೆ ನಡೆಸ್ತಿದ್ದೀನಿ. ಎಷ್ಟು ಜನ ಬಂದ್ರು, ಎಷ್ಟು ಜನ ಕೂಗಾಡಿದ್ರು. ಇಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರು "ನೀವು ಹೇಳಿದ್ದು ಸರಿ, ನಾನು ಸೋತೆ" ಅಂದಿದ್ದು ನಾನು ಕೇಳಿಲ್ಲ. ನಾನೂ ಅಂದಿಲ್ಲ. ನಮ್ಮ ಸ್ಟುಡಿಯೋದಲ್ಲಿ ರಾಜ ಯಾವತ್ತೂ ಮಲಗಲ್ಲ. ಮೈಕ್ ಆಫ್ ಆಗುತ್ತೆ, ಅಷ್ಟೆ.

2024ರ ಡಿಸೆಂಬರ್ 12. ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶ್, ಚೀನಾದ ಡಿಂಗ್ ಲಿರೆನ್ ಅವರನ್ನು 7.5-6.5ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ. ಹದಿನಾಲ್ಕನೇ ಆಟದ ಕೊನೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಇಟ್ಟರು, ಆಟ ಮುಗೀತು. ನಮ್ಮ ಚಾನೆಲ್‌ಗಳಲ್ಲಿ ಆ ರಾತ್ರಿಯ ಚರ್ಚೆ ಏನು? ಗುಕೇಶ್ ತಮಿಳಿನವನೋ ತೆಲುಗಿನವನೋ! ಎರಡು ರಾಜ್ಯದ ಮುಖ್ಯಮಂತ್ರಿಗಳೂ ನಮ್ಮ ಹುಡುಗ ಅಂತ ಅಭಿನಂದಿಸಿದ್ದರಲ್ಲ, ನಮಗೆ ಅಷ್ಟೇ ಸಾಕಿತ್ತು. ಮಾರನೇ ದಿನ ಇನ್ನೊಂದು ವಾದ: ಡಿಂಗ್ ತಪ್ಪು ಮಾಡಿದ್ದರಿಂದ ಗೆದ್ದ, ಇದೂ ಒಂದು ಗೆಲುವಾ ಅಂತ. ಅಲ್ಲ ಸ್ವಾಮಿ, ಎದುರಾಳಿ ತಪ್ಪೇ ಮಾಡದೆ ಚೆಸ್ ಗೆಲ್ಲೋದು ಹೇಗೆ? ಹದಿನಾಲ್ಕು ಆಟ, ಮೂರು ವಾರ ಎದುರಾಳಿಯನ್ನು ಸುಸ್ತು ಮಾಡಿ, ಆ ತಪ್ಪು ಬರೋವರೆಗೂ ಕೂತಿರೋದೇ ಅಲ್ವಾ ಆಟ?

ಆ ಗದ್ದಲದಲ್ಲಿ ನಾವು ತೋರಿಸದೆ ಬಿಟ್ಟ ಒಂದು ದೃಶ್ಯ ಇದೆ. ಗೆದ್ದ ಹುಡುಗ ಅಳ್ತಿದ್ದಾನೆ. ಅಳ್ತಾ ಅಳ್ತಾ ಬೋರ್ಡ್ ಮೇಲಿನ ಕಾಯಿಗಳನ್ನು ಒಂದೊಂದಾಗಿ ತೆಗೆದು ಮೊದಲಿನ ಮನೆಗಳಲ್ಲಿ ಜೋಡಿಸ್ತಿದ್ದಾನೆ. ಅದನ್ನು ನೋಡಿದಾಗ ನನಗೆ ಹರಿಹರದ ಜಗಲಿ ನೆನಪಾಯ್ತು.

ಸೋಲು ಯಾರಿಗೂ ಸುಲಭ ಅಲ್ಲ, ಅದೂ ನಿಜ. 2025ರ ಜೂನ್ ಒಂದರಂದು ನಾರ್ವೆಯ ಸ್ಟಾವಂಗರ್‌ನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಇದೇ ಗುಕೇಶ್ ಎದುರು ಗೆಲ್ಲೋ ಆಟ ಸೋತರು. ಐದು ಸಲ ವಿಶ್ವ ಚಾಂಪಿಯನ್ ಆದ ಮನುಷ್ಯ ಮೇಜಿಗೆ ಒಂದು ಗುದ್ದು ಗುದ್ದಿದ್ರು, ಕಾಯಿಗಳು ಹಾರಿಬಿದ್ದವು. ಆ ವಿಡಿಯೋ ನೀವೆಲ್ಲ ನೋಡಿದ್ದೀರಿ. ಆದರೆ ಅದರ ಮುಂದಿನದು ನೋಡಿದ್ರಾ? ಅದೇ ಕೈಯನ್ನು ಗುಕೇಶ್ ಮುಂದೆ ಚಾಚಿದ್ರು, ಕ್ಷಮೆ ಕೇಳಿದ್ರು, ಹೋಗುವಾಗ ಬೆನ್ನು ತಟ್ಟಿದ್ರು. ಕೇಳಿದವರಿಗೆ ಗುಕೇಶ್ ಹೇಳಿದ್ದು, ನಾನೂ ಎಷ್ಟೋ ಮೇಜು ಗುದ್ದಿದ್ದೀನಿ ಅನ್ನೋ ಅರ್ಥದ ಮಾತು. ಹೀಗಾಗಿ ಮಕ್ಕಳೇ, ಸೋತಾಗ ಸಿಟ್ಟು ಬಂದ್ರೆ ತಪ್ಪಲ್ಲ. ಅಳು ಬಂದ್ರೂ ತಪ್ಪಲ್ಲ. ಗುದ್ದಿದ ಕೈ ಮತ್ತೆ ಚಾಚಬೇಕು, ಅಷ್ಟೆ.

ಈಗ ಪಾಲಕರಿಗೆ ಎರಡು ಲೆಕ್ಕದ ಮಾತು. ಮೊದಲನೆಯದು ರೇಟಿಂಗ್. ಸುತ್ತು ಮುಗಿಯೋದೇ ತಡ, ನಿಮ್ಮೆಲ್ಲರ ಕೈ ಮೊಬೈಲ್‌ಗೆ ಹೋಗುತ್ತೆ, ಎಷ್ಟು ಇಳೀತು, ಎಷ್ಟು ಏರಿತು. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲಿ ಒಂದು ಅಂಶ ಇದೆ. ಸಮಬಲದವರ ಎದುರು ಸೋತರೆ, ಸಾಮಾನ್ಯ ದೊಡ್ಡವರಿಗೆ ಹತ್ತು ಅಂಕ ಕಡಿಮೆ ಆಗುತ್ತೆ. 2400 ಮುಟ್ಟಿದವರಿಗೆ ಐದೇ. ಹದಿನೆಂಟರ ಒಳಗಿನ ಮಕ್ಕಳಿಗೆ, ರೇಟಿಂಗ್ 2300ರ ಕೆಳಗೆ ಇರೋವರೆಗೂ, ಇಪ್ಪತ್ತು. ಗೆದ್ದರೆ ಅಷ್ಟೇ ಏರುತ್ತೆ. ಯಾಕೆ ಹೀಗಿಟ್ಟಿದ್ದಾರೆ? ಮಕ್ಕಳು ಬೆಳೀತಿರ್ತಾರೆ, ಅವರ ಅಂಕ ಏರ್ತಾ ಇಳೀತಾ ಇರಲೇಬೇಕು, ಒಂದು ಕಡೆ ನಿಲ್ಲಬಾರದು ಅಂತ. ನಿಯಮ ಬರೆದವರಿಗೆ ಗೊತ್ತಿರೋದು ಹೆತ್ತವರಾದ ನಮಗೆ ಗೊತ್ತಿಲ್ಲ ಅಂದ್ರೆ ಹೇಗೆ?

ಎರಡನೆಯದು, ನೀವು ಎರಡು ದಿನದಿಂದ ನೋಡಿದ್ದೇ. ಇಲ್ಲಿ ಆಡಿಸಿದ್ದು ಸ್ವಿಸ್ ಪದ್ಧತಿ. ಸೋತವನನ್ನು ಮನೆಗೆ ಕಳಿಸಲ್ಲ. ಮೊದಲ ಸುತ್ತು ಸೋತರೆ ಎರಡನೇ ಸುತ್ತಲ್ಲಿ ಸೋತ ಇನ್ನೊಬ್ಬನ ಜೊತೆ ಆಡಿಸ್ತಾರೆ. ಕೊನೆ ಸುತ್ತಿನವರೆಗೂ ಪ್ರತಿ ಮಗುವಿಗೂ ಒಂದು ಬೋರ್ಡ್, ಒಂದು ಕುರ್ಚಿ, ಒಬ್ಬ ಜೊತೆಗಾರ ಇದ್ದೇ ಇರ್ತಾನೆ.

ಈಗ ನಮ್ಮ ಊರು ನೋಡಿ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಈಗ ಕಾಲೇಜುಗಳ ಊರು. ರಿಸಲ್ಟ್ ಬಂದ ಮಾರನೇ ದಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ನೋಡಿದ್ದೀರಲ್ಲ. ಅದರಲ್ಲಿ ಮೊದಲು ಬಂದವರ ಮುಖ ಅಷ್ಟೇ. ಉಳಿದವರಿಗೆ ಮುಂದಿನ ಸುತ್ತು ಇದೆ ಅಂತ ಹೇಳೋ ಫ್ಲೆಕ್ಸ್ ನಾನು ಎಲ್ಲೂ ಕಂಡಿಲ್ಲ. ರಿಸಲ್ಟ್ ದಿನ ಸಂಜೆ ನನ್ನ ಕೈಗೆ ಕೆಲವು ಸುದ್ದಿ ಬರ್ತವೆ. ಹದಿನಾರು ವರ್ಷ, ಹದಿನೇಳು ವರ್ಷ. ಅವನ್ನು ಓದೋಕೆ ಗಂಟಲು ಬರಲ್ಲ. ಓದಿ ಮುಗಿಸಿ ಹವಾಮಾನಕ್ಕೆ ಹೋಗ್ತೀನಿ. ಪ್ರತಿ ಸಲ ಅನ್ಸುತ್ತೆ, ಈ ಮಗುವಿಗೆ ಮಧ್ಯಾಹ್ನ ಯಾರಾದ್ರೂ ಒಬ್ಬರು ಜಗಲಿ ಮೇಲೆ ಕೂರಿಸಿಕೊಂಡು "ಎಲ್ಲಿ ತಪ್ಪಿದ್ವಿ ನೋಡೋಣ ಬಾ" ಅಂದಿದ್ರೆ ಅಂತ.

ಇರಲಿ. ಸಂಘಟಕರ ಪ್ರಶ್ನೆಗೆ ಉತ್ತರ ಬಾಕಿ ಇದೆ. ನಮ್ಮ ಗುಕೇಶ್ ಯಾವಾಗ?

ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್, 1988ರಲ್ಲಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ. ನಡುವೆ ಎಷ್ಟು? ಇಪ್ಪತ್ತೊಂಬತ್ತು ವರ್ಷ. ಪಕ್ಕದ ಚೆನ್ನೈಯಲ್ಲಿ 1970ರ ದಶಕದಲ್ಲೇ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಟಾಲ್ ಚೆಸ್ ಕ್ಲಬ್ ಇತ್ತು. ಚಿಕ್ಕ ಆನಂದ್ ಅಲ್ಲಿಗೆ ಹೋಗಿ ದೊಡ್ಡವರ ಎದುರು ಸೋತು ಸೋತು ಕಲಿತ. ನಮ್ಮಲ್ಲಿ ಅಂಥ ಜಾಗ ಕಡಿಮೆ ಇತ್ತು. ಗ್ರ್ಯಾಂಡ್‌ಮಾಸ್ಟರ್ ಆಗೋಕೆ 2500 ರೇಟಿಂಗ್ ಮುಟ್ಟಬೇಕು, ಜೊತೆಗೆ ಮೂರು ನಾರ್ಮ್ ಬೇಕು. ಒಂದು ನಾರ್ಮ್‌ಗೆ ಹೊರದೇಶದ ಆಟಗಾರರು, ಗ್ರ್ಯಾಂಡ್‌ಮಾಸ್ಟರ್‌ಗಳು ಇರುವ ಟೂರ್ನಿಯಲ್ಲಿ ಕಡಿಮೆ ಅಂದ್ರೂ ಒಂಬತ್ತು ಆಟ ಆಡಬೇಕು. ಅದು ಸಾಮಾನ್ಯವಾಗಿ ನಮ್ಮ ಗಲ್ಲಿಯಲ್ಲಿ ನಡೆಯಲ್ಲ. ವಿಮಾನ ಹತ್ತಬೇಕು, ದುಡ್ಡು ಬೇಕು. ಸೋತು ಬಂದ್ರೆ ದುಡ್ಡೂ ಹೋಯ್ತು, ನಾರ್ಮೂ ಹೋಯ್ತು.

ತೇಜ್‌ಕುಮಾರ್ ರೈಲ್ವೆ ನೌಕರರು. ಆ ಪಟ್ಟ ಸಿಕ್ಕಾಗ ಅವರಿಗೆ ಮೂವತ್ತು ದಾಟಿತ್ತು. ಗುಕೇಶ್ ಅದೇ ಪಟ್ಟ ಪಡೆದದ್ದು ಹನ್ನೆರಡು ವರ್ಷ ಏಳು ತಿಂಗಳಿಗೆ. ನಾವು ಗುಕೇಶ್ ಫೋಟೊ ಗೋಡೆಗೆ ಹಾಕ್ತೀವಿ, ಒಳ್ಳೇದು. ಅದರ ಪಕ್ಕ ತೇಜ್‌ಕುಮಾರ್ ಫೋಟೊ ಕೂಡ ಹಾಕಿ ಅಂತೀನಿ. ಕೆಲಸ ಮಾಡ್ಕೊಂಡು, ವರ್ಷಗಟ್ಟಲೆ ಬಿಡದೆ ಮತ್ತೆ ಮತ್ತೆ ಬೋರ್ಡ್ ಮುಂದೆ ಕೂತ ಆ ಮನುಷ್ಯನಿಂದಲೇ ಕರ್ನಾಟಕದ ಬಾಗಿಲು ತೆಗೀತು. ಮಾರನೇ ವರ್ಷವೇ ನಮ್ಮ ಪಕ್ಕದ ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಬಂದ್ರು. 2019ರಲ್ಲಿ ಮೈಸೂರಿನ ಗಿರೀಶ್ ಕೌಶಿಕ್, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್. ಶಿವಮೊಗ್ಗಕ್ಕೆ ಬಂದದ್ದು ದಾವಣಗೆರೆಗೆ ಬರಲ್ವಾ? ಬರುತ್ತೆ. ಯಾವಾಗ ಅಂದ್ರೆ, ಸೋತ ಮಗು ಮುಂದಿನ ಭಾನುವಾರ ಮತ್ತೆ ಆಡೋಕೆ ಬರೋ ಊರಾದಾಗ.

ಹೆಣ್ಣುಮಕ್ಕಳ ಬಗ್ಗೆಯೂ ಇಲ್ಲೇ ಒಂದು ಮಾತು. ಚಿಕ್ಕ ವಯಸ್ಸಿನ ಗುಂಪಿನಲ್ಲಿ ಇವತ್ತು ಎಷ್ಟು ಹುಡುಗಿಯರಿದ್ದರು! ದೊಡ್ಡ ಗುಂಪಿಗೆ ಬರೋ ಹೊತ್ತಿಗೆ ಬೆರಳೆಣಿಕೆ. ನಾಗಪುರದ ದಿವ್ಯಾ ದೇಶಮುಖ್ 2024ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಒಂದು ಟೂರ್ನಿ ಮುಗಿಸಿ ಬಂದು, ಜನ ನನ್ನ ಆಟ ಬಿಟ್ಟು ಬಟ್ಟೆ, ಕೂದಲು ನೋಡ್ತಾರೆ ಅಂತ ಬಹಿರಂಗವಾಗಿ ಬರೆದುಕೊಂಡಳು. ಅದರ ಮೇಲೆ ಚೆಸ್ ಲೋಕದಲ್ಲಿ ದೊಡ್ಡ ಚರ್ಚೆಯೇ ಆಯ್ತು. ಮರುವರ್ಷ ಜುಲೈನಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಮಹಿಳಾ ವಿಶ್ವಕಪ್ ಗೆದ್ದು ಗ್ರ್ಯಾಂಡ್‌ಮಾಸ್ಟರ್ ಆದ್ಳು. ನನ್ನ ಮಗಳು ಬೋರ್ಡ್ ಮಂಚದ ಕೆಳಗೆ ತಳ್ಳೋಕೆ ಜನ ಕಾರಣ ಅಲ್ಲ, ನಾನು ಕಾರಣ. ಎಷ್ಟು ಮನೆಗಳಲ್ಲಿ ಹಾಗೆ ಎಷ್ಟು ಬೋರ್ಡ್‌ಗಳು ಮಂಚದ ಕೆಳಗಿವೆಯೋ!

ನಮ್ಮ ನಾಡಿನಲ್ಲೇ ಒಬ್ಬ ರಾಜ ಇದ್ದ, ಮುಮ್ಮಡಿ ಕೃಷ್ಣರಾಜ ಒಡೆಯರ್. 1831ರಲ್ಲಿ, ನಮ್ಮ ಪಕ್ಕದ ನಗರ ಸೀಮೆಯ ರೈತರು ದಂಗೆ ಎದ್ದ ಮೇಲೆ, ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಹೆಸರಿಗೆ ಅರಸ, ಕೈಯಲ್ಲಿ ರಾಜ್ಯ ಇಲ್ಲ. 1868ರಲ್ಲಿ ತೀರಿಕೊಳ್ಳೋವರೆಗೂ ಅದು ಅವರ ಕೈಗೆ ಮರಳಲಿಲ್ಲ. ಆ ಅರಸರು ಚದುರಂಗದ ದೊಡ್ಡ ಪ್ರೇಮಿ. ಕುದುರೆಯೊಂದು ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ರಚಿಸಿದರು. ಅವರ ಆ ಕುದುರೆ ನಡೆಗಳನ್ನು ಚೆಸ್ ಚರಿತ್ರೆ ಬರೆದವರು ಇವತ್ತಿಗೂ ನೆನೀತಾರೆ. ರಾಜ್ಯ ಹೋಯ್ತು ಅಂತ ಬುದ್ಧಿಯನ್ನೂ ಬಿಟ್ಟುಕೊಡಲಿಲ್ಲ.

ನಮ್ಮ ಲೇತ್ ಮಾಮ ರಾಜ ಅಲ್ಲ. ಆದರೆ ಅವರ ರಾಜ್ಯವೂ ಒಂದು ದಿನ ಹೋಯ್ತು. ಕಾರ್ಖಾನೆ ಬಾಗಿಲು ಮುಚ್ಚಿತು. ಹರಿಹರದ ಎಷ್ಟು ಮನೆಗಳಲ್ಲಿ ಆ ವರ್ಷ ಒಲೆ ತಣ್ಣಗಾಯ್ತು ಅಂತ ಇಲ್ಲಿ ಕೂತ ಹಿರಿಯರಿಗೆ ಗೊತ್ತು. ನಾನು ಆಗತಾನೆ ಪತ್ರಿಕೆ ಕೆಲಸಕ್ಕೆ ಸೇರಿದ್ದೆ. ಊರಿಗೆ ಬಂದು ಅವರನ್ನು ನೋಡೋಕೆ ಹೋದೆ. ಏನು ಹೇಳೋದು ಅಂತ ಗೊತ್ತಾಗದೆ ನಿಂತಿದ್ದೆ. ಅವರೇ ಬೋರ್ಡ್ ತೆಗೆದ್ರು. ಬೋಲ್ಟ್ ಒಂಟೆಯನ್ನು ಅದರ ಮನೆಯಲ್ಲಿ ನಿಲ್ಲಿಸಿದ್ರು. ಒಂದು ಆಟ ಆಡಿದ್ವಿ. ಅವತ್ತು ಮೊದಲನೇ ಸಲ ನಾನು ಗೆದ್ದೆ. ಮಾಮ ನಕ್ಕು ತಮ್ಮ ರಾಜನನ್ನು ಮಲಗಿಸಿದ್ರು, ಕೈ ಕೊಟ್ರು, ಕಾಯಿ ಜೋಡಿಸಿದ್ರು. ಆಮೇಲೆ ಅಂದ್ರು, "ಆಟ ಸೋಲಬೌದು ತಮ್ಮಾ. ಆಡೋದು ಬಿಟ್ರೆ ಮಾತ್ರ ಕಷ್ಟ." ಮೂರು ತಿಂಗಳಿಗೆ ಸಣ್ಣದೊಂದು ವೆಲ್ಡಿಂಗ್ ಶಾಪ್ ಹಾಕಿದ್ರು. ಶ್ರೀಮಂತರಾಗಲಿಲ್ಲ. ಇಬ್ಬರು ಮಕ್ಕಳನ್ನು ಓದಿಸಿದ್ರು, ಸಂಜೆ ಜಗಲಿ ಮೇಲೆ ಬೋರ್ಡ್ ಹಾಸೋದು ಬಿಡಲಿಲ್ಲ. ಈಗ ಅವರಿಲ್ಲ.

ಮುಗಿಸ್ತೀನಿ. ನನ್ನ ಮಗಳು ಈಗ ಸೆಕೆಂಡ್ ಪಿಯುಸಿ. ಈ ಕಾರ್ಯಕ್ರಮಕ್ಕೆ ಹೊರಟಾಗ ಎಲ್ಲಿಗೆ ಅಂದ್ಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ, ಅವತ್ತು ಕಾರಲ್ಲಿ ನೀನ್ಯಾಕೆ ಮಾತಾಡಲಿಲ್ಲ?" ಅಂದ್ಳು. ಎಂಟು ವರ್ಷ ಆದ ಮೇಲೆ! ಚರ್ಚೆಯಲ್ಲಿ ಎಂಥ ಪ್ರಶ್ನೆಗೂ ಎದುರು ಪ್ರಶ್ನೆ ಎಸೆಯೋ ನಾನು, ಅದಕ್ಕೆ ಮಾತ್ರ, "ನಂದೇ ತಪ್ಪು ಮಗಳೇ, ನಾನು ಸೋತೆ" ಅಂದೆ. ಜೀವನದಲ್ಲಿ ಮೊದಲನೇ ಸಲ ರಾಜನನ್ನು ಮಲಗಿಸಿದೆ ಅನ್ನಿಸ್ತು. ಬೋರ್ಡ್ ಇನ್ನೂ ಮಂಚದ ಕೆಳಗೇ ಇದೆ. ತೆಗೆಯೋದು ಬಿಡೋದು ಅವಳಿಗೆ ಬಿಟ್ಟದ್ದು.

ಇವತ್ತು ಕಪ್ ಸಿಕ್ಕ ಮಕ್ಕಳಿಗೆ ಅಭಿನಂದನೆ. ಸಿಗದ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ವಿನಂತಿ. ಮನೆಗೆ ಹೋಗುವಾಗ ಬೈಕಲ್ಲೋ ಬಸ್ಸಲ್ಲೋ ಏನಾದ್ರೂ ಮಾತಾಡಿ. ದೋಸೆಗೆ ಬೆಣ್ಣೆ ಕಡಿಮೆ ಇತ್ತು ಅಂತಾದ್ರೂ ಮಾತಾಡಿ. ರಾತ್ರಿ ಊಟ ಆದ ಮೇಲೆ ಬೋರ್ಡ್ ತೆಗೆದು, ಪಕ್ಕದಲ್ಲಿ ಕೂತು, "ಎಲ್ಲಿ ತಪ್ಪಿದ್ವಿ ನೋಡೋಣ ಬಾ" ಅನ್ನಿ. ನಿಮಗೆ ಆಟ ಬರದಿದ್ರೂ ಪರವಾಗಿಲ್ಲ. ಮಗುವೇ ಹೇಳಿಕೊಡುತ್ತೆ.